ಮಗಳು ಆಫೀಸನ್ನೇ ಓದಲು ಹೊರಟರೆ

ಅಕ್ಕಾ, ಗ್ಯಾಸ್ ಆಫ್ ಮಾಡಿ ಬಂದಿದ್ದೀರಿ ತಾನೇ? ಹಾಗಾದರೆ ಕಾಂಪೌಂಡಿಗೆ ಒರಗಿ ನಿಂತುಕೊಳ್ಳಿ, ಈ ಮಾತು ಬೇಗ ಮುಗಿಯುವಂಥದ್ದಲ್ಲ. ನಿಮ್ಮ ಮಗಳು ಕಂಪನಿ ಕೆಲಸ ಬಿಟ್ಟು ಬಿಸಿನೆಸ್ ಸ್ಕೂಲಿನಲ್ಲಿ ಪಿಎಚ್‌ಡಿ ಮಾಡುತ್ತೇನೆ ಅಂದಳಂತೆ. ಅದೂ ಆರ್ಗನೈಸೇಷನಲ್ ಬಿಹೇವಿಯರ್ ಅನ್ನುವ ವಿಷಯದಲ್ಲಿ. ಯಜಮಾನರಿಗೆ ಆಗಿನಿಂದ ನಿದ್ದೆಯಿಲ್ಲ ಅಂತೀರಿ. ಎಂಬಿಎ ಆಗಿದೆ, ಕೈತುಂಬ ಸಂಬಳವಿದೆ, ಇನ್ನೂ ನಾಲ್ಕೈದು ವರ್ಷ ಓದು ಯಾಕೆ? ಫೈನಾನ್ಸ್ ಅಂದರೆ ದುಡ್ಡು, ಮಾರ್ಕೆಟಿಂಗ್ ಅಂದರೆ ಮಾರಾಟ, ಇದೇನು ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನಾನು ಅದರಲ್ಲೇ ಪಿಎಚ್‌ಡಿ ಮಾಡಿ, ಅದನ್ನೇ ಪಾಠ ಹೇಳಿಕೊಂಡು ಬಂದವಳು. ಹಾಗಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ನೀವು ಅಂಚೆ ಕಚೇರಿಯಲ್ಲಿದ್ದಾಗಿನ ಕಥೆ ಹೇಳುತ್ತಿರುತ್ತೀರಲ್ಲ, ಹೊಸ ಪೋಸ್ಟ್‌ಮಾಸ್ಟರು ಬಂದ ಮೇಲೆ ಕಚೇರಿಗೆ ಜೀವ ಬಂತು ಅಂತ. ಅದೇ ಜನ, ಅದೇ ಸಂಬಳ, ಅದೇ ಕೌಂಟರು. ಬದಲಾದದ್ದೇನು? ಅವರ ಮಾತೇ, ನಡತೆಯೇ, ಕೆಲಸ ಹಂಚಿದ ರೀತಿಯೇ? ಇದನ್ನು ಊಹೆಗೆ ಬಿಡದೆ, ಕಣ್ಣಾರೆ ನೋಡಿ, ಕೇಳಿ, ಅಳೆದು ಹೇಳುವುದೇ ಈ ಓದು.

ಇದು ಶುರುವಾದದ್ದು ಕಾರ್ಖಾನೆಯಲ್ಲಿ. 1924ರಲ್ಲಿ ಷಿಕಾಗೊ ಹತ್ತಿರದ ಹಾಥಾರ್ನ್ ಟೆಲಿಫೋನ್ ಕಾರ್ಖಾನೆಯಲ್ಲಿ ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ ಅಂತ ಪರೀಕ್ಷೆ ಮಾಡಿದರು. ಬೆಳಕಿಗೂ ಕೆಲಸಕ್ಕೂ ನೇರ ನಂಟು ಸಿಗಲಿಲ್ಲ. ಆಮೇಲೆ ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತವರ ಜೊತೆಗಾರರು ಕೆಲಸಗಾರರೊಂದಿಗೆ ಕೂತು ಮಾತಾಡತೊಡಗಿದರು. ಆ ಫಲಿತಾಂಶಗಳ ಬಗ್ಗೆ ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ಆದರೆ ಕೆಲಸದ ಜಾಗದಲ್ಲಿ ಮನುಷ್ಯರನ್ನು ಗಮನಿಸಬೇಕು ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು.

ನನಗೆ ಅದಕ್ಕಿಂತ ಹತ್ತಿರದ ಕಥೆ ಅಹಮದಾಬಾದಿನದು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಹೊಸ ಆಟೊಮ್ಯಾಟಿಕ್ ಮಗ್ಗಗಳನ್ನು ಹಾಕಿದ್ದರೂ ಉತ್ಪಾದನೆ ಏರಿರಲಿಲ್ಲ, ಬಟ್ಟೆ ಹಾಳಾಗುವುದು ತಪ್ಪಿರಲಿಲ್ಲ. ರೈಸ್ ಮಗ್ಗಗಳನ್ನಷ್ಟೇ ನೋಡದೆ ಅವುಗಳ ನಡುವೆ ಓಡಾಡುವ ಜನರನ್ನೂ ನೋಡಿದರು. ನೂಲು ಕಡಿದರೆ ಒಬ್ಬ, ಎಣ್ಣೆ ಹಾಕಲು ಇನ್ನೊಬ್ಬ, ಗುಡಿಸಲು ಮತ್ತೊಬ್ಬ. ಯಾವ ಮಗ್ಗ ಯಾರದು ಅಂತ ಯಾರೂ ಹೇಳುವಂತಿರಲಿಲ್ಲ. ಚಿಕ್ಕ ಗುಂಪು ಮಾಡಿ, ಒಂದಿಷ್ಟು ಮಗ್ಗಗಳ ಪೂರ್ತಿ ಹೊಣೆ ಒಂದು ಗುಂಪಿಗೆ ಕೊಟ್ಟರೆ ಹೇಗೆ ಅಂತ ಅವರು ಸೂಚಿಸಿದರು. ಅದನ್ನು ಕೈಗೆತ್ತಿಕೊಂಡು ಗುಂಪು ಕಟ್ಟಿಕೊಂಡವರು ಕೆಲಸಗಾರರೇ. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಜಗತ್ತಿನ ಬಿಸಿನೆಸ್ ಸ್ಕೂಲುಗಳಲ್ಲಿ ಓದುವ ಈ ಪಾಠ ನಮ್ಮ ದೇಶದ ನೇಕಾರರು ತೋರಿಸಿಕೊಟ್ಟದ್ದು. ಅದೇ ಊರಿನ ಜವಳಿ ಸಂಶೋಧನಾ ಕೇಂದ್ರ ಅಟಿರಾದಲ್ಲಿ ಗಿರಣಿ ಕೆಲಸಗಾರರನ್ನು ಅಧ್ಯಯನ ಮಾಡುತ್ತಿದ್ದ ಕಮಲಾ ಚೌಧರಿ ಮುಂದೆ ಐಐಎಂ ಅಹಮದಾಬಾದಿನ ಮೊದಲ ಅಧ್ಯಾಪಕಿಯಾದರು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಅಂದರೆ ಆ ಹೆಸರು ಹೇಳಿ.

ಈಗ ಪಿಎಚ್‌ಡಿ ವಿದ್ಯಾರ್ಥಿಗಳ ಮಾತಿಗೆ ಬರೋಣ. 1990ರ ದಶಕದಲ್ಲಿ ಹಾರ್ವರ್ಡಿನಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳಿಗೆ ಔಷಧಿ ಕೊಡುವಾಗ ಆಗುವ ತಪ್ಪುಗಳ ಅಧ್ಯಯನಕ್ಕೆ ಕೈಹಾಕಿದರು. ನರ್ಸುಗಳ ತಂಡ ಚೆನ್ನಾಗಿದ್ದ ಕಡೆ ತಪ್ಪು ಕಡಿಮೆ ಅಂತ ಅವರ ಎಣಿಕೆ. ಲೆಕ್ಕ ಬಂದಾಗ ಉಲ್ಟಾ ಆಗಿತ್ತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಬೇರೆ ಯಾರಾದರೂ ವಿಷಯ ಬದಲಾಯಿಸಿಬಿಡುತ್ತಿದ್ದರೋ ಏನೋ. ಆಕೆ ಈ ಫಲಿತಾಂಶ ಗೊತ್ತೇ ಇಲ್ಲದ ಇನ್ನೊಬ್ಬ ಸಂಶೋಧಕರನ್ನು ಆ ವಾರ್ಡುಗಳಿಗೆ ಕಳಿಸಿ ನೋಡಿಬರಲು ಹೇಳಿದರು. ಆಗ ಸತ್ಯ ತಿಳಿಯಿತು. ಒಳ್ಳೆಯ ತಂಡದಲ್ಲಿ ನರ್ಸುಗಳು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ತಪ್ಪು ಒಪ್ಪಿಕೊಂಡರೆ ಬೈಸಿಕೊಳ್ಳಬೇಕಾಗಿಲ್ಲ ಅನ್ನುವ ಧೈರ್ಯ ಒಂದು ತಂಡಕ್ಕೆ ಎಷ್ಟು ಮುಖ್ಯ ಅನ್ನುವ ಅವರ ಪ್ರಸಿದ್ಧ ಲೇಖನ 1999ರಲ್ಲಿ ಬಂತು. ಇವತ್ತು ದೊಡ್ಡ ಕಂಪನಿಗಳಲ್ಲೆಲ್ಲ ಅದರದೇ ಮಾತು. ಎಣಿಸಿದ್ದು ಸುಳ್ಳಾದಾಗ ಅದರ ಹಿಂದೆ ಬೀಳುವ ತಾಳ್ಮೆ ಇದೆಯಲ್ಲ ಅಕ್ಕಾ, ಪಿಎಚ್‌ಡಿಯಲ್ಲಿ ಕಲಿಯುವುದು ಅದನ್ನೇ.

ಓದಿನ ದಾರಿ ಹೀಗಿರುತ್ತದೆ. ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಇರಲಿ, ಬೇರೆ ಊರಿನದಿರಲಿ, ಮೊದಲಿಗೆ ಕೋರ್ಸ್ ವರ್ಕ್. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸ್ಟಾಟಿಸ್ಟಿಕ್ಸ್, ಜನರನ್ನು ಸಂದರ್ಶಿಸುವ ವಿಧಾನ, ಎಲ್ಲ ಇರುತ್ತದೆ. ಆಮೇಲೊಂದು ದೊಡ್ಡ ಪರೀಕ್ಷೆ. ಅದು ದಾಟಿದ ಮೇಲೆ ಪ್ರಪೋಸಲ್, ಫೀಲ್ಡ್ ವರ್ಕ್, ಥೀಸಿಸ್, ವೈವಾ. ಫೀಸಿನ ಚಿಂತೆ ಬೇಡ. ಐಐಎಂಗಳಲ್ಲಿ ಪೂರ್ತಿ ಸಮಯದ ಪಿಎಚ್‌ಡಿಗೆ ಫೀಸು ಬಿಟ್ಟು, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಮೊದಲು ಅಲ್ಲಿ ಕೊಡುತ್ತಿದ್ದದ್ದು ಫೆಲೊ ಅನ್ನುವ ಬಿರುದು. 2017ರ ಐಐಎಂ ಕಾಯ್ದೆ ಬಂದ ಮೇಲೆ ಪಿಎಚ್‌ಡಿ ಪದವಿಯನ್ನೇ ಕೊಡುತ್ತಾರೆ. ಆದರೆ ಈಗಿನ ಸಂಬಳಕ್ಕೆ ಸ್ಟೈಪೆಂಡ್ ಸಮವಾಗದು, ಅದನ್ನು ಮನೆಯವರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಿ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಕೋರ್ಸು ಮುಗಿದ ಮೇಲೆ ಜೊತೆಯವರೆಲ್ಲ ಅವರವರ ವಿಷಯಕ್ಕೆ ಹೋಗುತ್ತಾರೆ, ಒಬ್ಬಳೇ ಉಳಿಯುತ್ತಾಳೆ. ದಿನಗಟ್ಟಲೆ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳಬೇಕು. ಜರ್ನಲ್ಲಿಗೆ ಕಳಿಸಿದ ಲೇಖನ ತಿರುಗಿ ಬರುತ್ತದೆ, ತಿದ್ದಿ ಕಳಿಸಿ ಅಂತಾರೆ, ತಿದ್ದಿದರೂ ಬೇಡ ಅಂದಾರು. ಅಂಥ ಹೊತ್ತಿಗೆ ಗೈಡ್ ಒಳ್ಳೆಯವರಾಗಿದ್ದರೆ ಅರ್ಧ ಭಾರ ಇಳಿದಂತೆ. ಅದಕ್ಕೇ ಕಟ್ಟಡ, ಹೆಸರು, ರ‍್ಯಾಂಕು ನೋಡಿ ಮರುಳಾಗದೆ, ಅಲ್ಲಿನ ಅಧ್ಯಾಪಕರು ಏನು ಬರೆದಿದ್ದಾರೆ ಅಂತ ಮೊದಲು ಓದಿಕೊಳ್ಳಲು ಹೇಳಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಲಿ. ಇನ್ನೊಂದು ಮಾತು: ಇದು ಎಚ್.ಆರ್. ಮ್ಯಾನೇಜರ್ ಆಗಿ ಬಡ್ತಿ ಪಡೆಯುವ ದಾರಿಯಲ್ಲ. ಪಾಠ ಹೇಳುವುದು, ಸಂಶೋಧನೆ ಮಾಡುವುದು, ಆ ಬದುಕು ಬೇಕು ಅನ್ನುವವರಿಗೆ ಇರುವ ದಾರಿ. ಹೆಸರಿನ ಹಿಂದೆ ಡಾಕ್ಟರ್ ಬೇಕು ಅಂತ ಹೋದವರು ನಡುದಾರಿಯಲ್ಲಿ ಸೋತು ಹೋಗುವುದನ್ನು ನೋಡಿದ್ದೇನೆ.

ನಿಮ್ಮ ಮಗಳು ಹೋಗಲಿ ಅಂತ ನನಗೆ ಅನ್ನಿಸುವುದಕ್ಕೆ ಕಾರಣ ಬೇರೆಯೇ ಇದೆ. ನಾವು ಓದುವ ಸಿದ್ಧಾಂತಗಳಲ್ಲಿ ಬಹುಪಾಲು ಅಮೆರಿಕ, ಇಂಗ್ಲೆಂಡಿನ ಆಫೀಸು, ಕಾರ್ಖಾನೆ ನೋಡಿ ಕಟ್ಟಿದವು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಬೆಳಿಗ್ಗೆ ಬಸ್ಸಿನಿಂದಿಳಿದು ಗಾರ್ಮೆಂಟ್ಸ್ ಗೇಟಿನೊಳಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಹಾಸನ, ಮಂಡ್ಯ, ತುಮಕೂರಿನ ಕಡೆಯವರ ಪಕ್ಕದ ಮಿಷಿನ್ನಿನಲ್ಲಿ ಈಗ ಒಡಿಶಾ, ಜಾರ್ಖಂಡಿನಿಂದ ಬಂದವರೂ ಕೂತಿರುತ್ತಾರೆ. ಸೂಪರ್‌ವೈಸರ್ ಟಾರ್ಗೆಟ್ ಅಂತ ಕೂಗಿದಾಗ ಯಾರು ಯಾರಿಗೆ ಕೈಜೋಡಿಸುತ್ತಾರೆ, ಮೈಗೆ ಹುಷಾರಿಲ್ಲದವಳ ಪೀಸನ್ನು ಯಾರು ಹೊಲಿದುಕೊಡುತ್ತಾರೆ, ಯಾವ ಮಾತು ನುಂಗಿಕೊಳ್ಳುತ್ತಾರೆ? ಇಂಗ್ಲಿಷ್ ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ಒಂದರಿಂದ ಐದರಲ್ಲಿ ಟಿಕ್ ಹಾಕಿ ಅಂದರೆ ಇದು ಹೊರಗೆ ಬರುವುದಿಲ್ಲ. ಊಟದ ಹೊತ್ತಿನಲ್ಲಿ ಪಕ್ಕ ಕೂತು, ಅವರ ಮಾತಿನಲ್ಲೇ ಕೇಳಬೇಕು. ನಿಮ್ಮ ಮಗಳಿಗೆ ಆ ಮಾತು ಬರುತ್ತದೆ, ಆ ವಿದ್ಯೆಯೂ ಬರಲಿ. ಎರಡೂ ಇರುವವರು ನಮಗೆ ಸಾಕಷ್ಟಿಲ್ಲ.

ಯಜಮಾನರು ಆಕೆಯನ್ನು ಸಂಬಳದ ಬಗ್ಗೆ ಕೇಳುವ ಮೊದಲು ಇದೊಂದನ್ನು ಕೇಳಲಿ: ನೀನು ಕೆಲಸ ಮಾಡಿದ ಕಡೆ ನಿನಗೆ ಇವತ್ತಿಗೂ ಅರ್ಥವಾಗದೆ ಉಳಿದದ್ದು ಏನು? ಉತ್ತರ ತಡವರಿಸಿದರೆ ಇನ್ನೊಂದೆರಡು ವರ್ಷ ಕೆಲಸದಲ್ಲೇ ಇರಲಿ, ನಷ್ಟವೇನಿಲ್ಲ. ಕೇಳಿದ ಕೂಡಲೇ ಅರ್ಧ ಗಂಟೆ ಬಿಡದೆ ಹೇಳಿದಳೋ, ಆಶೀರ್ವಾದ ಮಾಡಿ ಕಳಿಸಿ. ಥೀಸಿಸ್ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲೂ ಬರೆದು, ಯಾರ ಬದುಕು ನೋಡಿ ಬರೆದಳೋ ಅವರ ಕೈಗೇ ಕೊಡಬೇಕು ಅಂತ ಈಗಲೇ ಮಾತು ತೆಗೆದುಕೊಳ್ಳಿ.