ವಿಲೆ ಪಾರ್ಲೆಯ ಪ್ಲಗ್‌ಪಾಯಿಂಟ್ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಪ್ಪಣೆ. ಹೇಳಿಬಿಡುತ್ತೇವೆ. ವಿಷಯ: ಲ್ಯಾಪ್‌ಟಾಪ್ ತೆರೆದು ಕೂತರೂ ಎಬ್ಬಿಸದ ಕಾಫಿ ಜಾಗ. ಪ್ರಯೋಜನ: ತುಂಬಿದ ಬ್ಯಾಟರಿ. ಸಂಬಂಧ: ಕಾಫಿಗೂ ಕುರ್ಚಿಗೂ ಇರುವ ಬಿಡಿಸಲಾಗದ ನಂಟು. ಇನ್ನು ಅಧಿಕಾರಿ ಯಾರೆಂದರೆ, ಊರೂರು ಸುತ್ತುತ್ತಲೇ ಕಂಪನಿ ಕೆಲಸ ಮಾಡುವ, ಬಾಡಿಗೆ ಕರಾರು ಕಂಡರೆ ಓಟ ಕೀಳುವ, ಬೆನ್ನುಚೀಲದಲ್ಲಿ ಅಂಗಿಗಿಂತ ಚಾರ್ಜರುಗಳೇ ಹೆಚ್ಚಿರುವ ಡಿಜಿಟಲ್ ಜಂಗಮ. ಮನೆಯ ಡೈನಿಂಗ್ ಟೇಬಲ್ ಮೇಲೆ ಆಫೀಸು ಹೂಡಿರುವ ಸ್ಥಾವರರು ಇಲ್ಲಿಗೇ ಪುಟ ಮಗುಚಬಹುದು.

ಕ್ಷೇತ್ರವಾಗಿ ವಿಲೆ ಪಾರ್ಲೆಯನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಮುಂಬೈ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್ ಇಲ್ಲಿಗೆ ಕೂಗಳತೆ. ಬೆಳಿಗ್ಗೆ ಏಳಕ್ಕೆ ಇಳಿದ ಜಂಗಮನಿಗೆ ರೂಮು ಕೈಗೆ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವೆ ಹತ್ತು ಗಂಟೆಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಎಂಬ ನಿತ್ಯಕರ್ಮ. ಅದನ್ನು ಯಾರೂ ನಿಂತು ಮಾಡುವುದಿಲ್ಲ, ಕೂರಲು ಜಾಗ ಬೇಕು.

ಈ ಶಾಸ್ತ್ರದ ಕಾಲಮಾನವೂ ಇದೇ ನೆಲದ್ದು. 1929ರಲ್ಲಿ ಇಲ್ಲಿ ಶುರುವಾದ ಕಾರ್ಖಾನೆ ಊರಿನ ಹೆಸರನ್ನೇ ಬಿಸ್ಕತ್ತಿಗೆ ಇಟ್ಟು ದೇಶವಿಡೀ ಹಂಚಿತು. 2016ರಲ್ಲಿ ಅಲ್ಲಿ ಒಲೆ ಆರಿತು, ಬಿಸ್ಕತ್ತು ಮಾತ್ರ ಬೇರೆ ಕಡೆ ಬೇಯುತ್ತಲೇ ಇದೆ. ಚಹಾದಲ್ಲಿ ಅದ್ದಿದ ಪಾರ್ಲೆ-ಜಿ ಮೆತ್ತಗಾಗಿ ಕಳಚಿ ಬೀಳುವ ತನಕದ ಅವಧಿಗೆ ನಾವು 'ಒಂದು ಪಾರ್ಲೆ' ಎನ್ನುತ್ತೇವೆ. ಸ್ಟೇಷನ್ ಪಕ್ಕದ ಟಪರಿಯಲ್ಲಿ ಒಂದು ಕಟಿಂಗ್ ಚಹಾಕ್ಕೆ ಐದಾರು ಪಾರ್ಲೆ ಹೊತ್ತು ನಿಲ್ಲಬಹುದು. ಕೂರುವ ಹೊತ್ತು ಸೊನ್ನೆ. ಮಿಠಿಬಾಯಿ ಕಾಲೇಜಿನ ಎದುರಿನ ಆನಂದ್ ಸ್ಟಾಲಿನ ದೋಸೆಗೂ ಇದೇ ಲೆಕ್ಕ. ದೋಸೆ ಉತ್ತಮ, ಆಸನ ಶೂನ್ಯ.

ಪ್ರಮಾಣಗಳಿಗೆ ಬರೋಣ. ಪ್ರತ್ಯಕ್ಷವನ್ನು ನಂಬುವಂತಿಲ್ಲ. ಮ್ಯಾಪಿನ ಫೋಟೋದಲ್ಲಿ ಕಾಣುವ ಖಾಲಿ ಸೋಫಾ, ಅಂಗಡಿ ಉದ್ಘಾಟನೆಗೂ ಮುಂಚೆ ತೆಗೆದದ್ದು. ಅನುಮಾನ ಇದ್ದುದರಲ್ಲಿ ವಾಸಿ: ಹೊಗೆ ಇದ್ದಲ್ಲಿ ಬೆಂಕಿ ಇರುವಂತೆ, ಗೋಡೆಗೆ ಒರಗಿದ ಒಂಟಿ ಗಿರಾಕಿ ಇದ್ದಲ್ಲಿ ಪ್ಲಗ್‌ಪಾಯಿಂಟ್ ಇರುತ್ತದೆ. ಬೆನ್ನುನೋವಿರುವ ಅಜ್ಜಂದಿರೂ ಗೋಡೆಗೇ ಒರಗುವುದರಿಂದ ಇಲ್ಲಿ ಹೇತ್ವಾಭಾಸಕ್ಕೆ ಎಡೆಯಿದೆ. ಶಬ್ದಪ್ರಮಾಣವನ್ನಂತೂ ವಿಲೆ ಪಾರ್ಲೆಯಲ್ಲಿ ಡೆಸಿಬೆಲ್‌ನಲ್ಲಿ ಅಳೆಯಬೇಕು. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಒಂದು ಹೊತ್ತಿಗೆ ಒಂದೇ ಬಳಕೆಗೆ. ಹಾಗಿದ್ದೂ 2018ರ ಜೂನ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ 1003 ವಿಮಾನಗಳು ಏರಿ ಇಳಿದ ದಾಖಲೆಯಿದೆ, ಅಂದರೆ ಸುಮಾರು ಒಂದೂವರೆ ನಿಮಿಷಕ್ಕೊಂದು. ಕ್ಲೈಂಟಿಗೆ ಹೇಳುವ ಯಾವ ವಾಕ್ಯವೂ ಒಂದೂವರೆ ನಿಮಿಷ ಮೀರಬಾರದು ಎಂಬ ಸೂತ್ರ ಹುಟ್ಟಿದ್ದು ಇಲ್ಲಿಂದ. ಈ ಸೂತ್ರವನ್ನು ವಿಮಾನವಿಲ್ಲದ ಊರಿನ ಮ್ಯಾನೇಜರುಗಳೂ ಪಾಲಿಸಿದರೆ ಒಳ್ಳೆಯದು.

ಈಗ ಪೂರ್ವಪಕ್ಷ. ಅದು ಹೆಸರಿಗೆ ತಕ್ಕಂತೆ ಸ್ಟೇಷನ್ನಿನ ಪೂರ್ವ ದಿಕ್ಕಿನಲ್ಲಿದೆ. ಅವರ ವಾದ: ನಲವತ್ತು ರೂಪಾಯಿ ಕೊಟ್ಟರೆ ಉಡುಪಿ ಹೋಟೆಲಿನಲ್ಲಿ ಹಬೆಯಾಡುವ ಫಿಲ್ಟರ್ ಕಾಫಿ, ಫ್ಯಾನಿನ ಕೆಳಗೆ ಜಾಗ, ಪಶ್ಚಿಮದ ಕೆಫೆಗೆ ಹೋಗಿ ಮುನ್ನೂರು ರೂಪಾಯಿ ಏಕೆ ಸುರಿಯಬೇಕು?

ವಾದಿಗಳಿಗೆ ಗಣಿತ ಬಾರದು. ಉಡುಪಿ ಹೋಟೆಲಿನಲ್ಲಿ ಕಾಫಿ ಬಂದ ಕ್ಷಣವೇ ಗಡಿಯಾರ ಓಡತೊಡಗುತ್ತದೆ. ಲೋಟ ಖಾಲಿಯಾಗುವ ಮೊದಲೇ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ. ನೀವು ಅದನ್ನು ನೋಡದವರಂತೆ ಕೀಲಿಮಣೆ ಕುಟ್ಟುತ್ತೀರಿ. ಒದ್ದೆ ಬಟ್ಟೆ ಹಿಡಿದ ಹುಡುಗ ಬಂದು ಟೇಬಲ್ ಒರೆಸುತ್ತಾನೆ. ಬಟ್ಟೆ ನಿಮ್ಮ ಲ್ಯಾಪ್‌ಟಾಪಿಗೆ ಪ್ರದಕ್ಷಿಣೆ ಹಾಕುತ್ತದೆ, ಪ್ರತಿ ಸುತ್ತಿಗೂ ಒಂದಿಂಚು ಹತ್ತಿರವಾಗುತ್ತದೆ. ಆಮೇಲೆ "ಔರ್ ಕುಛ್, ಸಾಬ್?" ಎಂಬ ಮಹಾವಾಕ್ಯ. ಅಷ್ಟರಲ್ಲಿ ಎದುರಿನ ಖಾಲಿ ಕುರ್ಚಿಯಲ್ಲಿ ಅಪರಿಚಿತರೊಬ್ಬರು ಕೂತು, ನಿಮ್ಮ ಸ್ಕ್ರೀನಿನ ಹಿಂಬದಿಗೆ ಆನಿಸಿ ಸಾಂಬಾರ್ ಬಟ್ಟಲು ಇಟ್ಟಿರುತ್ತಾರೆ. ಟೇಬಲ್ ಹಂಚಿಕೊಳ್ಳುವುದು ಮುಂಬೈ ಹೋಟೆಲಿನ ಹಳೆಯ ಕಾನೂನು, ಅದಕ್ಕೆ ಅಪೀಲಿಲ್ಲ. ಇದೆಲ್ಲ ಹತ್ತು ನಿಮಿಷದೊಳಗೆ. ಹತ್ತು ನಿಮಿಷಕ್ಕೆ ನಲವತ್ತಾದರೆ ಗಂಟೆಗೆ 240 ರೂಪಾಯಿ. ಕೆಫೆಯಲ್ಲಿ ಮುನ್ನೂರು ಕೊಟ್ಟು ಮೂರು ಗಂಟೆ ಕೂತರೆ ಗಂಟೆಗೆ ನೂರೇ. ಆದ್ದರಿಂದ ಉಡುಪಿ ಹೋಟೆಲೇ ದುಬಾರಿ ಎಂದು ಸಿದ್ಧವಾಯಿತು. ಕಾಫಿ ಹೀರಿದ ನಾಲಿಗೆ ಇದನ್ನು ಒಪ್ಪುವುದಿಲ್ಲ, ಆದರೆ ನಾಲಿಗೆಗೆ ಶಾಸ್ತ್ರದಲ್ಲಿ ಮತವಿಲ್ಲ.

ಪಶ್ಚಿಮದಲ್ಲಿ ಹಾಲು-ಜೇನು ಹರಿಯುತ್ತಿದೆ ಎಂದೇನೂ ಅಲ್ಲ. ಮಿಠಿಬಾಯಿ, ಎನ್.ಎಂ., ಸಾಂಘ್ವಿ, ಎನ್‌ಮಿಮ್ಸ್ ಎಲ್ಲವೂ ಒಂದೇ ಆವರಣದ ಸುತ್ತ ಇರುವುದರಿಂದ, ಒಂದು ಕೋಲ್ಡ್ ಕಾಫಿಗೆ ಐದು ಸ್ಟ್ರಾ ಹಾಕಿದ ವಿದ್ಯಾರ್ಥಿ ಗಣ ಗೋಡೆಬದಿಯ ಕುರ್ಚಿಗಳನ್ನು ಬೆಳಿಗ್ಗೆಯೇ ಆಕ್ರಮಿಸಿರುತ್ತದೆ. ಒಂದು ಲೋಟಕ್ಕೆ ಎಷ್ಟು ಹೊತ್ತು ಕೂರಬಹುದು ಎಂಬ ಪ್ರಶ್ನೆಯನ್ನು ಸಾಹಿತ್ಯಕ್ಕೆ ತಂದವರಲ್ಲಿ ಒಬ್ಬರು ಇದೇ ಮಿಠಿಬಾಯಿಯಲ್ಲಿ 1961ರಿಂದ 1972ರವರೆಗೆ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದ ಕವಿ ನಿಸ್ಸಿಮ್ ಎಝೆಕಿಯಲ್. ಇರಾನಿ ಹೋಟೆಲಿನ ಗೋಡೆಯ ಮೇಲಿನ ನಿಷೇಧಗಳ ಪಟ್ಟಿಯನ್ನೇ ಅವರು ಕವಿತೆ ಮಾಡಿದರು. ಹೋಟೆಲಿಗೂ ಗಿರಾಕಿಗೂ ಇರುವ ಜಗಳ ಕಾಫಿಯದ್ದಲ್ಲ, ಹೊತ್ತಿನದ್ದು ಎಂಬುದು ವೈಫೈಗಿಂತ ಹಳೆಯ ಜ್ಞಾನ.

ಹೊತ್ತನ್ನೇ ಮಾರಬಹುದು ಎಂದು ಕಂಡುಕೊಂಡವರು ನಮ್ಮ ಕಡೆಯವರೇ. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜೊತೆ ಇಂಟರ್ನೆಟ್ ಕೊಟ್ಟ ಅಂಗಡಿ. ಸ್ಟಾರ್‌ಬಕ್ಸ್ ಮುಂಬೈಯ ಹಾರ್ನಿಮನ್ ಸರ್ಕಲ್‌ಗೆ ಬಂದದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಡಿಜಿಟಲ್ ಜಂಗಮರ ಒಂದು ತಲೆಮಾರು ಕೂತು ಕೂತು ಕುರ್ಚಿ ಸವೆಸಿತ್ತು.

ಇಷ್ಟಾದರೂ ಪ್ರಬಂಧಕಾರ ಪೂರ್ವದ ಒಂದು ಉಡುಪಿ ಹೋಟೆಲಿನಲ್ಲಿ ಪ್ರಯೋಗ ಮಾಡದೆ ಬಿಡಲಿಲ್ಲ. ಇಡೀ ಸಭಾಂಗಣಕ್ಕೆ ಕಣ್ಣಿಗೆ ಬಿದ್ದ ಪ್ಲಗ್‌ಪಾಯಿಂಟ್ ಒಂದೇ, ಗಲ್ಲಾದ ಮೇಲೆ. ಅದರಲ್ಲಿ ಕೃಷ್ಣನ ಪಟದ ಕೆಂಪು ಸೀರಿಯಲ್ ಸೆಟ್ ಮಿಣುಕುತ್ತಿತ್ತು. ಅರ್ಧ ಗಂಟೆ ಸಿಗಬಹುದೇ ಎಂದು ಕನ್ನಡದಲ್ಲೇ ವಿನಂತಿಸಿಕೊಂಡದ್ದಾಯಿತು.

"ಎಂತ ಮಾರಾಯ್ರೆ," ಎಂದರು ಗಲ್ಲಾದವರು, "ದೇವರನ್ನು ಕತ್ತಲೆಯಲ್ಲಿಟ್ಟು ನಿಮ್ಮ ಕಂಪ್ಯೂಟರಿಗೆ ಕರೆಂಟ್ ಕೊಡ್ಲಿಕ್ಕುಂಟಾ?"

ಮಾತು ಬೆಳೆಯಿತು. ಹೋಟೆಲಿನಲ್ಲಿ ಕೂತು ಓದು-ಬರಹ ಆಗುವುದೇ ಇಲ್ಲ ಎಂಬ ನಮ್ಮ ಸಿದ್ಧಾಂತಕ್ಕೆ ಅವರು ನಕ್ಕರು. ಉಡುಪಿ, ಕುಂದಾಪುರದ ಕಡೆಯಿಂದ ಚಡ್ಡಿಯಲ್ಲಿ ಬಂದ ಹುಡುಗರು ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡಿ, ಶಟರ್ ಇಳಿದ ಮೇಲೆ ಇದೇ ಥರದ ಟೇಬಲ್ಲುಗಳ ಮೇಲೆ ಲೆಕ್ಕ ಬಿಡಿಸಿ, ಅದೇ ಟೇಬಲ್ಲುಗಳನ್ನು ಜೋಡಿಸಿ ಮಲಗುತ್ತಿದ್ದ ಕಾಲವೊಂದಿತ್ತು. ಹಾಗೆ ಓದಿ ಬ್ಯಾಂಕಿಗೆ ಹೋದವರಿದ್ದಾರೆ, ವಕೀಲರಾದವರಿದ್ದಾರೆ, ಅದೇ ಹೋಟೆಲ್ ಕೊಂಡವರೂ ಇದ್ದಾರೆ. ಮನೆಯಿಲ್ಲ, ಬೆನ್ನಿಗೊಂದು ಚೀಲ, ಸಿಕ್ಕ ಟೇಬಲ್ಲೇ ಆಫೀಸು. ನಮ್ಮ ಅಧಿಕಾರಿ-ಲಕ್ಷಣಗಳು ಒಂದೂ ಬಿಡದೆ ಹೊಂದುತ್ತವೆ, ಚಾರ್ಜರ್ ಒಂದನ್ನುಳಿದು. ವ್ಯತ್ಯಾಸವಿಷ್ಟೇ: ಅವರನ್ನು ಆ ಟೇಬಲ್ಲಿನಿಂದ ಎಬ್ಬಿಸುವವರಿರಲಿಲ್ಲ, ಯಾಕೆಂದರೆ ಅದನ್ನು ಒರೆಸಬೇಕಾದವರೂ ಅವರೇ.

"ನಿಮಗೂ ಬೇಕಿದ್ರೆ ರಾತ್ರಿ ಬಾಗಿಲು ಹಾಕಿದ ಮೇಲೆ ಬನ್ನಿ," ಎಂದರು ಗಲ್ಲಾದವರು. "ಗ್ರೈಂಡರಿನ ಪಾಯಿಂಟ್ ಖಾಲಿ ಇರ್ತದೆ, ಎಷ್ಟೊತ್ತು ಬೇಕಾದ್ರೂ ಕೂತ್ಕೊಳ್ಳಿ. ನಾಳೆಯ ನೀರುಳ್ಳಿ ಮಾತ್ರ ಹೆಚ್ಚಿ ಕೊಡ್ಬೇಕು."

ಅಮೆರಿಕದ ಮ್ಯಾನೇಜರಿಗೆ ಆಗ ಹಗಲಾದ್ದರಿಂದ ವೇಳೆಯ ತಕರಾರಿಲ್ಲ. ನೀರುಳ್ಳಿ ಹೆಚ್ಚುತ್ತಾ ವೀಡಿಯೊ ಆನ್ ಇಟ್ಟುಕೊಂಡು ಅಪ್ರೈಸಲ್ ಮೀಟಿಂಗಿಗೆ ಕೂತರೆ, ಆ ಕಣ್ಣೀರು ಇಂಕ್ರಿಮೆಂಟಿನ ಮೇಲೆ ಬೀರುವ ಪರಿಣಾಮವೇನು ಎಂಬುದು ಈ ಕ್ಷೇತ್ರದಲ್ಲಿ ತುರ್ತಾಗಿ ನಡೆಯಬೇಕಾದ ಸಂಶೋಧನೆ. ಆಸಕ್ತರು ಸ್ವಂತ ಚಾಕು ತರತಕ್ಕದ್ದು.