ಹಲಸಿನ ಚಾಕೊಲೇಟ್ ಕೇಕ್: ಬಳಕೆದಾರರ ಕೈಪಿಡಿ (ತುಮಕೂರು ಮಾದರಿ)

ಈ ಕೈಪಿಡಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಮನೆಗಳಿಗೆ ಅನ್ವಯ. ಬೆಂಗಳೂರಿನವರು ತಮ್ಮ ಸ್ವಂತ ಹೊಣೆಯಲ್ಲಿ ಓದಿಕೊಳ್ಳಬಹುದು. ಒಲೆ ಹಚ್ಚುವ ಮುನ್ನ ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಬರೆದಿದ್ದೇವೆ.

ಬಿಡಿಭಾಗಗಳು

ಮೈದಾ ಒಂದೂವರೆ ಲೋಟ, ಸಕ್ಕರೆ ಒಂದು ಲೋಟ, ಕೋಕೋ ಪುಡಿ 4 ದೊಡ್ಡ ಚಮಚ, ಅಡುಗೆ ಸೋಡಾ 1 ಸಣ್ಣ ಚಮಚ, ಚಿಟಿಕೆ ಉಪ್ಪು, ಎಣ್ಣೆ ಲೋಟದ ಮೂರನೇ ಒಂದು ಭಾಗ, ನೀರು ಒಂದು ಲೋಟ, ನಿಂಬೆರಸ 1 ದೊಡ್ಡ ಚಮಚ. ಮೊಟ್ಟೆ ಇಲ್ಲ. ಹುಡುಕಬೇಡಿ, ಪೆಟ್ಟಿಗೆಯಲ್ಲಿ ಬಿಟ್ಟುಹೋಗಿಲ್ಲ. ಹಾಲು, ಬೆಣ್ಣೆ, ಮೊಟ್ಟೆ ಕೈಗೆಟುಕದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಮಾಡುತ್ತಿದ್ದ ಕೇಕಿನ ಅಳತೆ ಇದು. ಅವರು ಬಡತನಕ್ಕೆ ಮಾಡಿದ್ದನ್ನು ನಾವು ಅಜ್ಜಿಯ ಮಡಿಗೆ ಮಾಡುತ್ತೇವೆ, ಅಷ್ಟೇ ವ್ಯತ್ಯಾಸ. ಮೊಟ್ಟೆ ಮಾಡಬೇಕಾದ ಉಬ್ಬಿಸುವ ಕೆಲಸವನ್ನು ಇಲ್ಲಿ ಸೋಡಾ ಮತ್ತು ನಿಂಬೆಹುಳಿ ಸೇರಿ ಮಾಡುತ್ತವೆ. ಅವು ಸೇರಿದ ಕ್ಷಣದಿಂದಲೇ ಗಾಳಿಗುಳ್ಳೆ ಏಳತೊಡಗುತ್ತದೆ. ಆದ್ದರಿಂದ ಒದ್ದೆ ಸಾಮಾನನ್ನು ಹಿಟ್ಟಿಗೆ ಕೊನೆಯಲ್ಲಿ ಸುರಿದು, ಗಂಟಿಲ್ಲದಷ್ಟು ಮಾತ್ರ ಕಲಸಿ, ತಡಮಾಡದೆ ಬೇಯಲು ಇಡಿ. ಈ ನಡುವೆ ಫೋನು ಬಂದರೆ ಎತ್ತಬಾರದು, ಅದರಲ್ಲೂ ಕುಣಿಗಲ್ಲಿನ ಚಿಕ್ಕಮ್ಮನದು.

ಯಂತ್ರ

ಓವನ್ ಇದ್ದವರು 180 ಡಿಗ್ರಿಯಲ್ಲಿಡಿ. ಕರೆಂಟು ಯಾವಾಗ ಹೋಗುತ್ತದೆಂಬುದು ಓವನ್ನಿನ ಕೈಪಿಡಿಯಲ್ಲೂ ಇಲ್ಲ, ಇದರಲ್ಲೂ ಇಲ್ಲ. ನಮ್ಮ ಶಿಫಾರಸು ಕುಕ್ಕರ್ ಮತ್ತು ತಟ್ಟೆ ಇಡ್ಲಿಯ ತಟ್ಟೆ. ಕ್ಯಾತ್ಸಂದ್ರದ ದಾರಿಯಲ್ಲಿ ಬಸ್ಸಿಳಿದು ಇಡ್ಲಿ ತಿನ್ನುವ ಊರಿನಲ್ಲಿ ಕೇಕಿಗೆಂದು ಬೇರೆ ಅಚ್ಚು ಕೊಳ್ಳುವುದು ದುಂದು. ಕುಕ್ಕರಿನ ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದಿಡಿ. ತಳಕ್ಕೆ ಒಂದು ಲೋಟ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ. ಎಣ್ಣೆ ಸವರಿದ ತಟ್ಟೆಗೆ ಅರ್ಧದಷ್ಟೇ ಹಿಟ್ಟು ಹುಯ್ದು ಸಣ್ಣ ಉರಿಯಲ್ಲಿಡಿ. ತೆಳ್ಳಗಿರುವುದರಿಂದ ಇಪ್ಪತ್ತು ನಿಮಿಷದೊಳಗೆ ಬೇಯುತ್ತದೆ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು.

ಎಚ್ಚರಿಕೆ: ಕುಕ್ಕರಿಗೆ ನೀರು ಹಾಕಬಾರದು. ಇದನ್ನು ಅಡುಗೆಮನೆಗೆ ಬರುವ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ. "ನೀರಿಲ್ದೆ ಕುಕ್ಕರ್ ಇಟ್ಟಿದೀಯಲ್ಲವ್ವಾ, ತಳ ಸೀದೋಗಲ್ವಾ?" ಎಂದು ಯಾರಾದರೂ ಚೊಂಬಿನೊಂದಿಗೆ ಬಂದೇ ಬರುತ್ತಾರೆ. ಬಿಟ್ಟರೆ ಚಾಕೊಲೇಟ್ ತಟ್ಟೆ ಇಡ್ಲಿ ಆಗುತ್ತದೆ, ಅದಕ್ಕೆ ಹೊಂದುವ ಚಟ್ನಿ ಇನ್ನೂ ಹುಟ್ಟಿಲ್ಲ. ಒಂದರ ಮೇಲೊಂದು ತಟ್ಟೆ ಪೇರಿಸುವ ಆಸೆಯನ್ನೂ ಬಿಡಿ. ಇಡ್ಲಿಗೆ ಹಬೆ ಸುತ್ತುತ್ತದೆ. ಇಲ್ಲಿ ಒಣ ಶಾಖ, ಕೆಳಗಿನದು ಕರಕಲಾದರೂ ಮೇಲಿನದು ಹಸಿಯಾಗಿಯೇ ಇರುತ್ತದೆ.

ತಾಜಾ ಹಣ್ಣು

ಬೇಕರಿ ಕೇಕಿನ ತಲೆಯ ಮೇಲಿನ ಕೆಂಪು ಚೆರ್ರಿಯನ್ನು ಮಕ್ಕಳು ಜಗಳವಾಡಿ ಕಿತ್ತುಕೊಳ್ಳುತ್ತಾರೆ. ಅದು ಬಹುಪಾಲು ಚೆರ್ರಿಯೇ ಅಲ್ಲ. ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳಿಕಾಯಿ. ಟೂಟಿ ಫ್ರೂಟಿಯೂ ಪಾಕದಲ್ಲಿ ಬೆಂದ ಪರಂಗಿಕಾಯಿಯೇ. ಹಿತ್ತಲಿನ ಗಿಡಗಳು ವಿಲಾಯಿತಿ ಹೆಸರಿಟ್ಟುಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ, ನಾವು ಹಣ ಕೊಟ್ಟು ಮನೆಗೆ ತರುತ್ತಿದ್ದೇವೆ. ಈ ಮಾದರಿಯಲ್ಲಿ ವೇಷ ಹಾಕಿದ ಹಣ್ಣಿಗೆ ಜಾಗವಿಲ್ಲ. ಕಿವಿ ಹಣ್ಣಿಗೂ ಇಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಹೋಗಿ. ಅಲ್ಲಿನ ತೋಟವೊಂದರ ಮರದಲ್ಲಿ ಬಿಡುತ್ತಿದ್ದ ಸಣ್ಣ ಹಲಸಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 'ಸಿದ್ದು' ಎಂಬ ತಳಿಯ ಪಟ್ಟ ಕೊಟ್ಟು, 2017ರಲ್ಲಿ ಕಸಿ ಸಸಿ ಬೆಳೆಸಿ ಮಾರಲು ತೋಟದವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಸಿದ್ದು ಎನ್ನುವುದು ಮರ ನೆಟ್ಟ ಸಿದ್ದಪ್ಪನವರ ಹೆಸರು, ರಾಜಕೀಯ ಹುಡುಕಬೇಡಿ. ತೂಕ ಸುಮಾರು ಎರಡೂವರೆ ಕಿಲೋ, ತೊಳೆ ತಾಮ್ರಗೆಂಪು. ಹತ್ತು ಕಿಲೋದ ಹಣ್ಣು ಕೊಯ್ದು ಬೀದಿಗೆಲ್ಲ ಹಂಚುವ ಸಂಭ್ರಮ ಇದರಲ್ಲಿಲ್ಲ, ನಿಜ. ಆದರೆ ಕೇಕಿನ ಮೇಲೆ ಬೇಕಾದದ್ದು ಬಣ್ಣ ಮತ್ತು ಗಟ್ಟಿತನ, ಎರಡೂ ಇದರಲ್ಲಿವೆ. ಚಾಕುವಿಗೂ ಕೈಗೂ ಎಣ್ಣೆ ಹಚ್ಚಿಕೊಳ್ಳದೆ ಕೊಯ್ದರೆ ಆ ಅಂಟಿಗೆ ವಾರಂಟಿ ಇಲ್ಲ. ಬೀಜ ಎಸೆಯಬೇಡಿ, ಸಂಜೆಯ ಹುಳಿಗೆ ಬೇಕು.

ತೊಳೆಯನ್ನು ಹಿಟ್ಟಿನೊಳಗೆ ಬೆರೆಸಬೇಡಿ. ಈ ಹಿಟ್ಟು ನೀರು, ತಳಕ್ಕಿಳಿದು ಕೂರುತ್ತದೆ. ಬೆಂದು ಆರಿದ ಬಿಲ್ಲೆಯ ಮೇಲೆ, ಕರಗಿಸಿದ ಡಾರ್ಕ್ ಚಾಕೊಲೇಟಿಗೆ ಅದರರ್ಧ ತೂಕದ ಬಿಸಿ ಕೆನೆ ಕಲಸಿ ಸವರಿ, ತೊಳೆ ಜೋಡಿಸಿ, ಮೇಲೆ ಇನ್ನೊಂದು ಬಿಲ್ಲೆ. ಚಾಕೊಲೇಟೂ ಪರಕೀಯವೆನ್ನಬೇಡಿ, ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋ ಕೊಂಡು ಕ್ಯಾಂಪ್ಕೋದವರು 1986ರಿಂದ ಪುತ್ತೂರಿನಲ್ಲೇ ಮಾಡುತ್ತಿದ್ದಾರೆ. ಹಲಸಿನ ಕಾಲ ಮುಗಿದು ಅನಾನಸ್ ತಂದರೆ ಸಕ್ಕರೆಯೊಂದಿಗೆ ಐದು ನಿಮಿಷ ಬೇಯಿಸಿಯೇ ಹಾಕಿ. ಹಸಿ ಅನಾನಸ್ಸಿನ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕೆನೆಯನ್ನು ಕಹಿ ಮಾಡುತ್ತದೆ.

ಬಡಿಸುವ ಹೊತ್ತು: ಹಸಿದು ಹಲಸು, ಉಂಡು ಮಾವು. ಅಂದರೆ ಈ ಕೇಕು ಊಟಕ್ಕೆ ಮೊದಲು, ಮಾವಿನದು ಊಟದ ನಂತರ. ಎರಡೂ ಹೊತ್ತು ಹಲಸಿನದನ್ನೇ ತಿಂದು ಹೊಟ್ಟೆ ಹಿಡಿದುಕೊಂಡವರ ದೂರು ಸ್ವೀಕರಿಸುವುದಿಲ್ಲ.

ಸಾಗಣೆ

ಗುಬ್ಬಿ ತುಮಕೂರಿಗೆ ಸುಮಾರು 20 ಕಿಲೋಮೀಟರ್, ತಡೆದುಕೊಳ್ಳುತ್ತದೆ. ಕುಣಿಗಲ್ ಅದಕ್ಕಿಂತ ದೂರ. ಮೇ ತಿಂಗಳ ಮಧ್ಯಾಹ್ನದ ಬಸ್ಸಿನಲ್ಲಿ ಕೆನೆ ಸವರಿದ ಕೇಕು ಸ್ಟಡ್ ಫಾರ್ಮಿನ ಬೇಲಿ ಕಾಣುವ ಹೊತ್ತಿಗೆ ಪಾಯಸ. ಬಿಲ್ಲೆಗಳನ್ನು ಟಿಫನ್ ಕ್ಯಾರಿಯರಿನಲ್ಲಿ, ತೊಳೆಗಳನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ಜೋಡಿಸಿ.

ಜೋಡಿಸಲು ಬಿಟ್ಟರೆ. ಚಿಕ್ಕಮ್ಮ ಬಿಲ್ಲೆಯನ್ನು ಕೈಯಲ್ಲಿ ಮುರಿದು, ಬಟ್ಟಲಿಗೆ ಹಾಕಿ, ತೊಳೆಯ ಜೊತೆ ತುಪ್ಪ ಮತ್ತು ಜೇನು ಸುರಿದು ಕೊಡುತ್ತಾರೆ. ಇದು ಅನಧಿಕೃತ ಮಾರ್ಪಾಡು; ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಲಾಗುವುದು.