ಮಾತು ಮೀರೋದನ್ನೂ ಕಲಿಸಬೇಕು

ನಿಮಗೆ ಹೇಳಲೇಬೇಕು ಅಂತಿದ್ದೆ ಗೌರಕ್ಕ. ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ತಂಗಿ ಮಗಳು ಒಂದು ಲ್ಯಾಬ್ರಡಾರ್ ಮರಿ ಸಾಕ್ತಿದ್ದಾಳೆ. ತನಗೋಸ್ಕರ ಅಲ್ಲ, ಕಣ್ಣು ಕಾಣದ ಯಾರಿಗೋ. ಅಲ್ಲಿ ಸ್ಯಾನ್ ರಫೇಲ್ ಅನ್ನೋ ಊರಲ್ಲಿ ಗೈಡ್ ಡಾಗ್‌ಗಳನ್ನ ತಯಾರು ಮಾಡೋ ಸಂಸ್ಥೆ ಇದೆ, 1942ರಲ್ಲಿ ಶುರುವಾಗಿದ್ದು. ಮರಿಗೆ ಎರಡು ತಿಂಗಳಾಗ್ತಿದ್ದಂಗೆ ಸಾಕೋ ಮನೆಗೆ ಕೊಡ್ತಾರೆ. ಒಂದು ವರ್ಷದ ಮೇಲೆ ಸಾಕಿ ವಾಪಸ್ ಒಪ್ಪಿಸಬೇಕು.

ಹಚ್ಚಿಕೊಂಡ ಮೇಲೆ ಹೆಂಗಮ್ಮ ಕೊಡೋದು ಅಂತೀರಿ. ಕೊಡೋ ದಿನ ಅಳ್ತಾರಂತೆ. ಅತ್ತು, ಆಮೇಲೆ ಇನ್ನೊಂದು ಮರಿ ತರ್ತಾರೆ.

ಆ ವರ್ಷದಲ್ಲಿ ಕಲಿಸೋದು ದೊಡ್ಡ ವಿದ್ಯೆ ಏನಲ್ಲ ಕಣಕ್ಕ. ಹೇಳಿದ ಕಡೆ, ಹೇಳಿದಾಗ ಉಚ್ಚೆ ಮಾಡೋದು. ಮನೆಯವರು ಊಟಕ್ಕೆ ಕೂತಾಗ ತಟ್ಟೆ ನೋಡದೆ ಪಕ್ಕದಲ್ಲಿ ಮಲಗೋದು. ಬಂದವರ ಮೈಮೇಲೆ ಹಾರಬಾರದು, ಬೆಕ್ಕು ಕೋಳಿ ಕಂಡರೆ ಅಟ್ಟಬಾರದು, ನೆಲದ ಮೇಲೆ ಬಿದ್ದಿದ್ದು ತಿನ್ನಬಾರದು. ಬಸ್ಸಿಗೆ, ಅಂಗಡಿಗೆ, ಆಫೀಸಿಗೆ, ಲಿಫ್ಟಿಗೆ, ಎಲ್ಲಾ ಕಡೆಗೂ ಜೊತೇಲಿ ಕರ್ಕೊಂಡು ಹೋಗ್ತಾರೆ, ಯಾವುದಕ್ಕೂ ಬೆಚ್ಚದೆ ಇರಲಿ ಅಂತ. ನನಗೆ ಇದೇ ಮುಖ್ಯ ಅನ್ಸುತ್ತೆ. ಆ ಧೈರ್ಯ ಮನೇಲೇ ಬರಬೇಕು. ಪುಕ್ಕಲು ನಾಯಿಗೆ ಆಮೇಲೆ ಯಾವ ಶಾಲೆ ಏನು ಕಲಿಸಿದರೂ ನಿಲ್ಲಲ್ಲ.

ವಾಪಸ್ ಹೋದ ಮೇಲೆ ಕೆಲವು ತಿಂಗಳು ನಿಜವಾದ ತರಬೇತಿ. ಬೆನ್ನ ಮೇಲೆ ಗಟ್ಟಿ ಹಿಡಿ ಇರೋ ಪಟ್ಟಿ ಕಟ್ತಾರೆ. ಅಂಗಡಿಗೆ ನಡಿ ಅಂದರೆ ನಾಯೇ ಕರ್ಕೊಂಡು ಹೋಗುತ್ತೆ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಹಂಗಲ್ಲ. ದಾರಿ ಗೊತ್ತಿರಬೇಕಾದ್ದು ಮನುಷ್ಯನಿಗೆ. ಎಲ್ಲಿ ತಿರುಗಬೇಕು ಅಂತ ಅವರೇ ಹೇಳಬೇಕು. ಗುಂಡಿ, ಮೆಟ್ಟಿಲು, ಕಂಬ, ನಿಲ್ಲಿಸಿದ ಬೈಕು ನೋಡ್ಕೊಳ್ಳೋದು ನಾಯಿಯ ಪಾಲು. ಬಾಗಿದ ಕೊಂಬೆ ಇದ್ದರೆ ನಾಯಿ ಆರಾಮಾಗಿ ಕೆಳಗೆ ನುಸುಳಿಬಿಡಬಹುದು. ಆದರೆ ಜೊತೆಗಿರೋರ ತಲೆಗೆ ತಾಗುತ್ತೆ ಅಂತ ಅದಕ್ಕೆ ಹೊಳೀಬೇಕಲ್ಲ, ಅದನ್ನೂ ಕಲಿಸ್ತಾರೆ.

ಎಲ್ಲಕ್ಕಿಂತ ಕಷ್ಟದ ಪಾಠ ಮಾತು ಮೀರೋದು. ರಸ್ತೆ ದಾಟೋಕೆ ಸದ್ದು ಕೇಳಿ 'ನಡಿ' ಅನ್ನೋದು ಮನುಷ್ಯ. ಅಷ್ಟರಲ್ಲಿ ಸದ್ದಿಲ್ಲದೆ ಒಂದು ಕಾರು ಬಂತು ಅನ್ನಿ, ನಾಯಿ ಹೆಜ್ಜೆ ಕೀಳಬಾರದು. ನಿಮ್ಮ ಮಾವನವರು ಹೇಳ್ತಿದ್ದರಲ್ಲ, ರಾತ್ರಿ ಗಾಡಿ ಕಟ್ಕೊಂಡು ಬರುವಾಗ ಕೊಚ್ಚಿಹೋದ ಹಳ್ಳದ ದಡದಲ್ಲಿ ಹಳ್ಳಿಕಾರ್ ಎತ್ತು ಗಕ್ಕನೆ ನಿಂತಿದ್ದು, ಬಾರುಕೋಲು ಬೀಸಿದರೂ ಕದಲದೆ ಇದ್ದಿದ್ದು, ಹಂಗೆ. ವರ್ಷಗಟ್ಟಲೆ ಮಾತು ಕೇಳೋದನ್ನ ಕಲಿಸಿ, ಕೊನೆಗೆ ಯಾವಾಗ ಕೇಳಬಾರದು ಅನ್ನೋದನ್ನ ಕಲಿಸೋದು ಸಾಮಾನ್ಯ ಕೆಲಸವೇ? ಎಲ್ಲಾ ಮರಿಗೂ ಅದು ಒಲಿಯಲ್ಲ. ತೇರ್ಗಡೆ ಆಗದವು ಎಷ್ಟೋ ಸಾಕಿದ ಮನೆಗೇ ಬರ್ತವೆ.

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡ ಸೈನಿಕರಿಗೆ ಅಂತ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ಶಾಲೆ ಮೊದಲು ತೆರೆದಿದ್ದು. 1928ರಲ್ಲಿ ಮಾರಿಸ್ ಫ್ರಾಂಕ್ ಅನ್ನೋ ಅಂಧ ಯುವಕ ಬಡಿ ಅನ್ನೋ ಹೆಣ್ಣು ನಾಯಿ ಜೊತೆ ನ್ಯೂಯಾರ್ಕಿನ ವಾಹನಗಳ ಮಧ್ಯೆ ಪತ್ರಕರ್ತರ ಎದುರಿಗೇ ರಸ್ತೆ ದಾಟಿ ತೋರಿಸಿದ. ಮುಂದಿನ ವರ್ಷ 'ದಿ ಸೀಯಿಂಗ್ ಐ' ಸಂಸ್ಥೆ ಹುಟ್ತು. ಅವರ ಮರಿಗಳನ್ನ ಸಾಕ್ತಿದ್ದವರು ರೈತರ ಮಕ್ಕಳ ಸಂಘದ ಹುಡುಗರು, ನಮ್ಮ ಊರಿನ ಹುಡುಗರಂಥವರೇ.

ನಮ್ಮಲ್ಲಿ? 2011ರ ಜನಗಣತಿ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರೋರು 50 ಲಕ್ಷ. ಗೈಡ್ ಡಾಗ್ ಕಾಣೋದು ಮಾತ್ರ ತೀರಾ ಅಪರೂಪ. ನಾಯಿ ಪಳಗಿಸೋಕೆ ನಮಗೆ ಬರಲ್ಲ ಅಂತ ಅಲ್ಲ. ಬೆಂಗಳೂರಿನ ಪಕ್ಕ ತರಳಿನಲ್ಲಿ ಸಿಆರ್‌ಪಿಎಫ್‌ನವರ ನಾಯಿ ಶಾಲೆ ಇದೆ. 2020ರಲ್ಲಿ ದಾವಣಗೆರೆ ಪೊಲೀಸರ ತುಂಗಾ ಅನ್ನೋ ನಾಯಿ ಕೊಲೆಗಾರನ ಜಾಡು ಹಿಡಿದು 10 ಕಿಲೋಮೀಟರಿಗೂ ಹೆಚ್ಚು ಓಡ್ತು. ಅಡ್ಡ ಬರೋದು ನಮ್ಮ ರಸ್ತೆಗಳು. ಫುಟ್‌ಪಾತ್ ಇಲ್ಲ, ಚರಂಡಿಗೆ ಮುಚ್ಚಳ ಇಲ್ಲ, ತಿರುವಿಗೊಂದು ಬೀದಿನಾಯಿ ಹಿಂಡು. ಪಟ್ಟಿ ಕಟ್ಟಿದ ನಾಯಿ ಅವುಗಳ ಮೇಲೆ ಕಣ್ಣಿಡುತ್ತೋ, ಯಜಮಾನರ ಕಾಲಿನ ಮೇಲೋ? ಇದು ಪಂಚಾಯ್ತಿ ಸಭೇಲಿ ಕೇಳಬೇಕಾದ ಮಾತು. ಮುಚ್ಚಳ ಹಾಕಿದ ಚರಂಡಿ ಬಿಳಿಕೋಲು ಹಿಡಿದವರಿಗೂ ಬೇಕೇ ಬೇಕು.

ನಮ್ಮ ಸಿ.ಎಸ್. ಪುರದ ಬಸ್ ಸ್ಟ್ಯಾಂಡಿನಲ್ಲಿ ಯಾವತ್ತಾದರೂ ಅಂಥ ನಾಯಿ ಇಳೀತು ಅನ್ನಿ. ಮುದ್ದು ಬಂದರೂ ತಲೆ ಸವರಬೇಡಿ, ಚೂಚೂ ಅಂತ ಕರೀಬೇಡಿ, ಬಿಸ್ಕತ್ತು ಹಾಕಬೇಡಿ. ಪಟ್ಟಿ ಕಟ್ಟಿದೆ ಅಂದರೆ ಅದು ಕೆಲಸದಲ್ಲಿದೆ. ಜೊತೆಗಿರೋರನ್ನ ಮಾತಾಡಿಸಿ. ನಾಯಿ ಇಲ್ಲದೆ ಬರೋರು ಈಗಲೂ ಇದ್ದಾರಲ್ಲ, ತುಮಕೂರಿನ ಅಂಧರ ಶಾಲೆಯಿಂದ ರಜೆಗೆ ಬರೋ ಮಕ್ಕಳು ಇರ್ತಾರೆ. ಅವರನ್ನ ರಟ್ಟೆ ಹಿಡಿದು ದರದರ ಎಳ್ಕೊಂಡು ಹೋಗೋದು ನಮ್ಮ ಜನಕ್ಕೆ ಅಭ್ಯಾಸ. ಸಹಾಯ ಬೇಕಾ ಅಂತ ಕೇಳಿ. ಹೂಂ ಅಂದರೆ ನಿಮ್ಮ ಮೊಳಕೈ ಕೊಡಿ, ಅವರೇ ಹಿಡ್ಕೊಂಡು ಅರ್ಧ ಹೆಜ್ಜೆ ಹಿಂದೆ ಬರ್ತಾರೆ.